ಶಾಲೆಯ ಸೈಕಲ್: ಯಾವ ಚೈನಿಗೆ ಯಾವ ಫ್ರೀವೀಲ್?

ಕಾಲಿನ ಬಲವನ್ನು ಸೈಕಲ್ಲಿನ ಹಿಂದಿನ ಚಕ್ರಕ್ಕೆ ಮುಟ್ಟಿಸುವ ಬಿಡಿಭಾಗಗಳನ್ನು ಒಟ್ಟಾಗಿ ಚಾಲನಾ ವ್ಯವಸ್ಥೆ ಎನ್ನಬಹುದು. ಪೆಡಲ್, ಕ್ರ್ಯಾಂಕ್, ಕ್ರ್ಯಾಂಕನ್ನು ಹೊತ್ತಿರುವ ಬಿ.ಬಿ. ಆಕ್ಸಲ್, ಮುಂದಿನ ಹಲ್ಲುಚಕ್ರವಾದ ಚೈನ್‌ವೀಲ್, ಚೈನ್ ಹಾಗೂ ಹಿಂದಿನ ಹಬ್ಬಿನ ಮೇಲಿರುವ ಫ್ರೀವೀಲ್ ಇದರ ಅಂಗಗಳು. ಗೇರ್ ಸೈಕಲ್ಲಾದರೆ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೈಲರ್ ಮತ್ತು ಅದನ್ನು ಹ್ಯಾಂಡಲ್ಲಿನಿಂದ ನಡೆಸುವ ಗೇರ್ ಶಿಫ್ಟರ್ ಕೂಡ ಸೇರುತ್ತವೆ.

ಗಡಿಯಾಚೆಯ ಕನ್ನಡ ಕುಟುಂಬಗಳಿಗೆ ಈ ವಿಷಯ ಕೇವಲ ಯಂತ್ರಶಾಸ್ತ್ರದ್ದಲ್ಲ. ಮನೆಯ ಪಕ್ಕದ ಶಾಲೆ ಆಯಾ ರಾಜ್ಯಭಾಷೆಯದಾಗಿದ್ದು, ಕನ್ನಡ ಮಾಧ್ಯಮದ ಪ್ರೌಢಶಾಲೆ ಎರಡು ಮೂರು ಊರುಗಳಾಚೆ ಇರುವುದು ಅಪರೂಪವಲ್ಲ. ಬಸ್ಸಿನ ವೇಳೆ ಶಾಲೆಯ ವೇಳೆಗೆ ಹೊಂದದ ಕಡೆ ಸೈಕಲ್ಲೇ ಆಸರೆ. ತಮಿಳುನಾಡಿನ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 11ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆಯಿದೆ. ಅದಕ್ಕಿಂತ ಕೆಳಗಿನ ತರಗತಿಯ ಮಗುವಿಗೆ ಹಳೆಯ ಸೈಕಲ್ಲನ್ನೇ ಸರಿಪಡಿಸಿ ಕೊಡಬೇಕಾಗುತ್ತದೆ. ಅಣ್ಣ ಬಿಟ್ಟ ಸೈಕಲ್ಲಿಗೆ ಹೊಸ ಚೈನ್, ಗುಜರಿಯಲ್ಲಿ ಸಿಕ್ಕ ಚೈನ್‌ವೀಲ್, ಪೇಟೆಯಿಂದ ತಂದ ಫ್ರೀವೀಲ್ ಕೂಡಿಸುವುದು ಮಿತವ್ಯಯದ ಮಾರ್ಗವೇ ಸರಿ. ಆದರೆ ಅಳತೆ ಹೊಂದದ ಭಾಗಗಳು ಸೇರಿದಾಗ ಚೈನ್ ಹಲ್ಲಿನ ಮೇಲಿಂದ ಜಾರುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿಯುತ್ತಿರುವಾಗ ಹಾಗಾದರೆ ಮಗು ರಸ್ತೆಯ ಮೇಲೆ ಬೀಳುತ್ತದೆ. ಆದ್ದರಿಂದ ಯಾವುದನ್ನು ಯಾವುದರೊಡನೆ ಬೆರೆಸಬಹುದು, ಯಾವುದನ್ನು ಬೆರೆಸಕೂಡದು ಎಂಬುದನ್ನು ಕೊಳ್ಳುವ ಮುನ್ನವೇ ತಿಳಿದಿರುವುದು ಅಗತ್ಯ.

ಬೆರಕೆ ಸಾಧ್ಯವಾದ ಬಗೆ

ಇಂದಿನ ಚೈನಿನ ಮೂಲರೂಪವಾದ ಬುಷ್ ರೋಲರ್ ಚೈನನ್ನು ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ರೂಪಿಸಿದರು. 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಅವರ ರೋವರ್ ಸೈಕಲ್, ಚೈನಿನಿಂದ ಹಿಂದಿನ ಚಕ್ರ ತಿರುಗುವ ವಿನ್ಯಾಸವನ್ನು ಜನಪ್ರಿಯಗೊಳಿಸಿತು. ಮದರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿಯೂ ಲೂಧಿಯಾನದ ಹೀರೊ ಸೈಕಲ್ಸ್ 1956ರಲ್ಲಿಯೂ ಆರಂಭವಾದವು. ಭಾರತದ ಸಾಮಾನ್ಯ ದೊಡ್ಡ ಸೈಕಲ್ ಬ್ರಿಟಿಷ್ ಮಾದರಿಯ ಅಳತೆಗಳನ್ನು ಅನುಸರಿಸಿದ್ದರಿಂದ, ಒಂದು ಕಂಪನಿಯ ಚೈನ್ ಇನ್ನೊಂದು ಕಂಪನಿಯ ಫ್ರೀವೀಲಿಗೆ ಹೊಂದುವುದು ನಮ್ಮಲ್ಲಿ ವಾಡಿಕೆಯಾಯಿತು. ಹೆಸರಿಗಿಂತ ಅಳತೆ ಮುಖ್ಯ ಎಂಬುದು ಇಲ್ಲಿಯ ಮೊದಲ ಪಾಠ.

ಚೈನಿನ ಎರಡು ಅಳತೆಗಳು

ಚೈನಿನ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ 1/2 ಅಂಗುಲ, ಅಂದರೆ 12.7 ಮಿ.ಮೀ. ಇರುತ್ತದೆ. ಮಕ್ಕಳ ಸೈಕಲ್ಲಿನಿಂದ ಹಿಡಿದು ಗೇರ್ ಸೈಕಲ್ಲಿನವರೆಗೆ ಇಂದು ಅಂಗಡಿಯಲ್ಲಿ ದೊರೆಯುವ ಚೈನುಗಳಲ್ಲಿ ಈ ಅಂತರ ಒಂದೇ. ಬೇರೆಯಾಗುವುದು ಅಗಲ. ಒಂದೇ ವೇಗದ ಸೈಕಲ್ಲಿನ ಚೈನಿನ ಒಳಗಲ ಸಾಮಾನ್ಯವಾಗಿ 1/8 ಅಂಗುಲ. 5ರಿಂದ 8 ಹಲ್ಲುಚಕ್ರಗಳ ಗೇರ್ ಸೈಕಲ್ಲಿನದು 3/32 ಅಂಗುಲ.

ಅಗಲವಾದ 1/8 ಚೈನ್ ತೆಳುವಾದ 3/32 ಹಲ್ಲಿನ ಮೇಲೆ ಕೂರುತ್ತದೆ. ಗೇರ್ ಇಲ್ಲದ ಸೈಕಲ್ಲಿನಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ 3/32 ಚೈನ್ ದಪ್ಪವಾದ 1/8 ಹಲ್ಲಿನೊಳಗೆ ಇಳಿಯುವುದಿಲ್ಲ. ಮೇಲೆಯೇ ನಿಂತು ಜಾರುತ್ತದೆ. ಹಿಂದಿನ ಹಲ್ಲುಚಕ್ರಗಳ ಸಂಖ್ಯೆ ಹೆಚ್ಚಿದಂತೆ ಚೈನಿನ ಹೊರಗಲವೂ ಕಿರಿದಾಗುತ್ತದೆ: 6, 7, 8 ವೇಗದ ಚೈನ್ ಸುಮಾರು 7 ಮಿ.ಮೀ., 9 ವೇಗದ್ದು ಸುಮಾರು 6.6 ಮಿ.ಮೀ. ಹಾಗಾಗಿ 6, 7, 8 ವೇಗಗಳಿಗೆ ಒಂದೇ ಬಗೆಯ ಚೈನ್ ನಡೆಯುತ್ತದೆ. 9 ಮತ್ತು ಅದಕ್ಕಿಂತ ಹೆಚ್ಚಿನ ವೇಗಗಳಿಗೆ ಆಯಾ ಸಂಖ್ಯೆಯ ಚೈನನ್ನೇ ಕೇಳಿ ಪಡೆಯಬೇಕು.

ಹಲ್ಲುಗಳ ಲೆಕ್ಕ

ಮುಂದಿನ ಹಲ್ಲುಗಳ ಸಂಖ್ಯೆಯನ್ನು ಹಿಂದಿನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ, ಪೆಡಲ್ ಒಂದು ಸುತ್ತು ಬರುವಾಗ ಚಕ್ರ ಎಷ್ಟು ಸುತ್ತು ಬರುತ್ತದೆಂಬುದು ತಿಳಿಯುತ್ತದೆ. 28 × 1 1/2 ಟೈರಿನ ದೊಡ್ಡ ಸೈಕಲ್ಲಿನ ಚಕ್ರದ ಸುತ್ತಳತೆ ಸುಮಾರು 2.2 ಮೀಟರ್. ಚೈನ್‌ವೀಲಿಗೆ 44, ಫ್ರೀವೀಲಿಗೆ 18 ಹಲ್ಲುಗಳಿದ್ದರೆ 44 ÷ 18 = 2.44, ಪೆಡಲಿನ ಒಂದು ಸುತ್ತಿಗೆ ಸೈಕಲ್ ಸುಮಾರು 5.4 ಮೀಟರ್ ಸಾಗುತ್ತದೆ. ಫ್ರೀವೀಲನ್ನು 22 ಹಲ್ಲಿನದಕ್ಕೆ ಬದಲಿಸಿದರೆ 44 ÷ 22 = 2; ಆಗ ಸಾಗುವುದು 4.4 ಮೀಟರ್.

ನಿಮಿಷಕ್ಕೆ 60 ಸುತ್ತಿನಂತೆ ತುಳಿದರೆ ಮೊದಲನೆಯದರ ವೇಗ ಗಂಟೆಗೆ ಸುಮಾರು 19 ಕಿ.ಮೀ., ಎರಡನೆಯದರದು ಸುಮಾರು 16 ಕಿ.ಮೀ. ವೇಗದಲ್ಲಿ ಕಳೆದುಕೊಂಡದ್ದು ಬಲದಲ್ಲಿ ದೊರೆಯುತ್ತದೆ: ಅದೇ ಏರನ್ನು ಹತ್ತಲು ಪೆಡಲಿನ ಮೇಲೆ ಹಾಕಬೇಕಾದ ಒತ್ತಡ ಸುಮಾರು ಶೇ. 18ರಷ್ಟು ಇಳಿಯುತ್ತದೆ. ವಯನಾಡು, ನೀಲಗಿರಿ, ತಾಳವಾಡಿಯ ಏರುದಾರಿಗಳಲ್ಲಿ ಪುಸ್ತಕದ ಚೀಲ ಹೊತ್ತ ಮಗುವಿಗೆ 20 ಅಥವಾ 22 ಹಲ್ಲಿನ ಫ್ರೀವೀಲ್ ಲೇಸು. ಸೊಲ್ಲಾಪುರ, ಅಕ್ಕಲಕೋಟೆ, ಆದೋನಿಯ ಬಯಲಿನಲ್ಲಿ 18 ಹಲ್ಲಿನದೇ ಸಾಕಾದೀತು. ಅನುಪಾತದ ಪಾಠ ಕಲಿತ ಮಗು ಈ ಲೆಕ್ಕವನ್ನು ತಾನೇ ಮಾಡಬಲ್ಲದು.

ಫ್ರೀವೀಲಿನಲ್ಲಿ 4 ಹಲ್ಲು ಹೆಚ್ಚಿದರೆ ಚೈನ್ ಸುಮಾರು 1 ಅಂಗುಲ ಸಾಲದಾಗುತ್ತದೆ. ಹಿಂದಿನ ಆಕ್ಸಲನ್ನು ಸುಮಾರು ಅರ್ಧ ಅಂಗುಲ ಮುಂದಕ್ಕೆ ಸರಿಸಿದರೆ ಅದು ಸರಿಹೋಗುತ್ತದೆ. ಸರಿಸಲು ಸ್ಥಳವಿಲ್ಲದಿದ್ದರೆ ಒಂದು ಒಳ ಕೊಂಡಿ, ಒಂದು ಹೊರ ಕೊಂಡಿ ಸೇರಿಸಬೇಕು. ಪೂರ್ಣ ಮುಚ್ಚಿದ ಚೈನ್ ಕವರ್ ಇದ್ದಲ್ಲಿ ದೊಡ್ಡ ಫ್ರೀವೀಲಿಗೆ ಒಳಗೆ ಎಡೆ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಫ್ರೀವೀಲ್ ಮತ್ತು ಹಬ್

ಹಬ್ಬಿನ ಮೇಲೆ ತಿರುಗಿಸಿ ಕೂರಿಸುವ ಫ್ರೀವೀಲಿನ ಥ್ರೆಡ್ ಬಹುಮಟ್ಟಿಗೆ ಎಲ್ಲ ಕಡೆ ಒಂದೇ: 1.37 ಅಂಗುಲ ವ್ಯಾಸ, ಅಂಗುಲಕ್ಕೆ 24 ಸುತ್ತು. ಒಂದೇ ಹಲ್ಲುಚಕ್ರದ ಫ್ರೀವೀಲಿಗೂ 6–7 ಹಲ್ಲುಚಕ್ರಗಳ ಫ್ರೀವೀಲಿಗೂ ಇದೇ ಥ್ರೆಡ್ ಇದ್ದರೂ, ಎರಡನೆಯದು ಹೆಚ್ಚು ಅಗಲವಾದದ್ದು. ಸಾಮಾನ್ಯ ಸೈಕಲ್ಲಿನ ಹಿಂದಿನ ಕವಲುಗಳ ನಡುವಿನ ಅಂತರ ಸುಮಾರು 110 ಮಿ.ಮೀ.; 7 ವೇಗದ ಚಕ್ರಕ್ಕೆ 126ರಿಂದ 135 ಮಿ.ಮೀ. ಬೇಕು. ಆದ್ದರಿಂದ ದೊಡ್ಡ ಸೈಕಲ್ಲಿನ ಚೌಕಟ್ಟಿಗೆ 7 ವೇಗದ ಫ್ರೀವೀಲ್ ಕೂರಿಸುವ ಆಸೆಯನ್ನು ಬಿಡುವುದೇ ಒಳ್ಳೆಯದು.

ಕೆಲವು ಗೇರ್ ಸೈಕಲ್ಲುಗಳಲ್ಲಿ ಫ್ರೀವೀಲಿನ ಬದಲು ಕ್ಯಾಸೆಟ್ ಇರುತ್ತದೆ. ಅದು ತಿರುಗಿ ಕೂರುವುದಿಲ್ಲ. ಹಬ್ಬಿನ ಗೀರುಗಳೊಳಗೆ ಜಾರಿ ಕೂರುತ್ತದೆ. ಫ್ರೀವೀಲಿನ ಹಬ್ಬಿಗೆ ಕ್ಯಾಸೆಟ್ಟಾಗಲಿ, ಕ್ಯಾಸೆಟ್ಟಿನ ಹಬ್ಬಿಗೆ ಫ್ರೀವೀಲಾಗಲಿ ಹೊಂದದು. ಹೊಸ ಫ್ರೀವೀಲನ್ನು ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಮೊದಲ ಸುತ್ತುಗಳನ್ನು ಬರಿಗೈಯಲ್ಲೇ ತಿರುಗಿಸಿ ಕೂರಿಸಬೇಕು. ಓರೆಯಾಗಿ ಹತ್ತಿದರೆ ಹಬ್ ಕೆಡುತ್ತದೆ.

ಕ್ರ್ಯಾಂಕ್, ಕಾಟರ್ ಪಿನ್, ಪೆಡಲ್

ಹಳೆಯ ಮಾದರಿಯ ಸೈಕಲ್ಲಿನಲ್ಲಿ ಕ್ರ್ಯಾಂಕನ್ನು ಆಕ್ಸಲ್ಲಿಗೆ ಬಿಗಿಯುವುದು ಕಾಟರ್ ಪಿನ್. ಇದರಲ್ಲಿ 9 ಮತ್ತು 9.5 ಮಿ.ಮೀ. ವ್ಯಾಸದವು ಇವೆ, ಸಣ್ಣದನ್ನು ದೊಡ್ಡ ರಂಧ್ರಕ್ಕೆ ಹಾಕಿದರೆ ಕ್ರ್ಯಾಂಕ್ ಸಡಿಲವಾಗಿ ಪ್ರತಿ ಸುತ್ತಿಗೂ ಟಕ್ಕೆನ್ನುತ್ತದೆ. ಎರಡು ಪಿನ್ನುಗಳನ್ನು ವಿರುದ್ಧ ದಿಕ್ಕುಗಳಿಂದ ಹಾಕಬೇಕು. ಕ್ರ್ಯಾಂಕುಗಳು ಅಡ್ಡವಾಗಿದ್ದಾಗ ಒಂದರ ನಟ್ ಮೇಲಕ್ಕೂ ಇನ್ನೊಂದರದು ಕೆಳಕ್ಕೂ ಇರಬೇಕು. ಇಲ್ಲವಾದರೆ ಎರಡು ಕ್ರ್ಯಾಂಕುಗಳು ಒಂದೇ ನೇರದಲ್ಲಿ ನಿಲ್ಲವು.

ಬಿಡಿ ಕ್ರ್ಯಾಂಕುಗಳಿಗೆ 9/16 ಅಂಗುಲದ ಪೆಡಲ್. ಒಂದೇ ಸರಳನ್ನು ಬಾಗಿಸಿ ಮಾಡಿದ, ಮಕ್ಕಳ ಸಣ್ಣ ಸೈಕಲ್ಲಿನ ಕ್ರ್ಯಾಂಕಿಗೆ 1/2 ಅಂಗುಲದ ಪೆಡಲ್. ಬಲ ಪೆಡಲ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಬಿಗಿಯಾಗುತ್ತದೆ, ಎಡ ಪೆಡಲ್ ಅದರ ವಿರುದ್ಧ ದಿಕ್ಕಿನಲ್ಲಿ. ಬಲವಂತದಿಂದ ತಿರುಗಿಸಿದರೆ ಕ್ರ್ಯಾಂಕೇ ಹಾಳಾಗುತ್ತದೆ.

ಬೇರೆ ಸೈಕಲ್ಲಿನ ಚೈನ್‌ವೀಲ್ ಅಥವಾ ಆಕ್ಸಲ್ ಹಾಕಿದ ಮೇಲೆ ಹಿಂದಿನಿಂದ ಬಗ್ಗಿ ನೋಡಬೇಕು: ಚೈನ್‌ವೀಲ್ ಮತ್ತು ಫ್ರೀವೀಲ್ ಒಂದೇ ಗೆರೆಯಲ್ಲಿರಬೇಕು. ಆಕ್ಸಲ್ ಉದ್ದವಾದರೆ ಚೈನ್‌ವೀಲ್ ಹೊರಗೆ ಸರಿದು, ಚೈನ್ ಓರೆಯಾಗಿ ಓಡಿ, ಸದ್ದು ಮಾಡಿ, ಕೊನೆಗೆ ಕಳಚಿ ಬೀಳುತ್ತದೆ.

ಗೇರ್ ಸೈಕಲ್ಲಿನ ಎಚ್ಚರಗಳು

ಗೇರ್ ಶಿಫ್ಟರಿನಲ್ಲಿ ಎರಡು ಬಗೆ. ಟಿಕ್ ಟಿಕ್ ಎಂದು ಹೆಜ್ಜೆಹೆಜ್ಜೆಯಾಗಿ ಸರಿಯುವುದು ಒಂದು. ತಡೆಯಿಲ್ಲದೆ ಸರಾಗವಾಗಿ ಸರಿಯುವುದು ಇನ್ನೊಂದು. ಮೊದಲನೆಯದರ ಹೆಜ್ಜೆಗಳ ಸಂಖ್ಯೆ ಹಿಂದಿನ ಹಲ್ಲುಚಕ್ರಗಳ ಸಂಖ್ಯೆಗೆ ಸಮನಾಗಿರಬೇಕು. ಶಿಮಾನೊ ಕಂಪನಿಯ 7 ವೇಗದಲ್ಲಿ ಹಲ್ಲುಚಕ್ರಗಳ ಅಂತರ 5 ಮಿ.ಮೀ., 8 ವೇಗದಲ್ಲಿ 4.8, 9 ವೇಗದಲ್ಲಿ 4.35. ಶಿಫ್ಟರಿನ ಪ್ರತಿ ಹೆಜ್ಜೆಯೂ ಈ ಅಂತರಕ್ಕೆ ತಕ್ಕಷ್ಟೇ ತಂತಿಯನ್ನು ಎಳೆಯುತ್ತದೆ. ಸರಾಗವಾಗಿ ಸರಿಯುವ ಶಿಫ್ಟರಿಗೆ ಈ ಕಟ್ಟುಪಾಡಿಲ್ಲ. ಬೆರಕೆ ಸೈಕಲ್ಲಿಗೆ ಅದು ನಿರ್ವಿಘ್ನವಾದುದು.

ಹಿಂದಿನ ಡಿರೈಲರಿಗೆ ತಾನು ಸೆಳೆದುಕೊಳ್ಳಬಲ್ಲ ಸಡಿಲ ಚೈನಿನ ಮಿತಿಯೊಂದಿದೆ. ಮುಂದೆ 42, 34, 24 ಹಲ್ಲುಗಳೂ ಹಿಂದೆ 14ರಿಂದ 28 ಹಲ್ಲುಗಳೂ ಇದ್ದರೆ (42 − 24) + (28 − 14) = 32. ಡಿರೈಲರಿನ ಮಿತಿ ಇದಕ್ಕಿಂತ ಕಡಿಮೆಯಿರಕೂಡದು.

ಹಳೆಯದಕ್ಕೆ ಹೊಸದು ಕೂಡಿಸುವಾಗ

ಎಲ್ಲ ಅಳತೆಗಳೂ ಸರಿಯಿದ್ದು ಚೈನ್ ಜಾರುವುದಕ್ಕೆ ಮುಖ್ಯ ಕಾರಣ ಸವೆತ. ಚೈನನ್ನು ಬಿಗಿಯಾಗಿ ಹಿಡಿದು ಸ್ಕೇಲಿನಿಂದ ಅಳೆಯಬೇಕು. 24 ಕೊಂಡಿಗಳು ಪಿನ್ನಿನಿಂದ ಪಿನ್ನಿಗೆ ಸರಿಯಾಗಿ 12 ಅಂಗುಲ ಬಂದರೆ ಚೈನ್ ಚೆನ್ನಾಗಿದೆ. 12 1/16 ಅಂಗುಲ ಬಂದರೆ ಚೈನ್ ಬದಲಿಸುವ ಕಾಲ. 12 1/8 ಅಂಗುಲ ದಾಟಿದ್ದರೆ ಫ್ರೀವೀಲಿನ ಹಲ್ಲುಗಳೂ ಸವೆದು ಕೊಕ್ಕೆಯಂತಾಗಿರುವ ಸಂಭವ ಹೆಚ್ಚು; ಆಗ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಸವೆದ ಫ್ರೀವೀಲಿಗೆ ಹೊಸ ಚೈನ್ ಹಾಕಿದರೆ ಅದು ಹಲ್ಲಿಗೆ ಕೂರದೆ ನೆಗೆಯುತ್ತದೆ. ಮೇಲೆ ಹೇಳಿದ ಬೀಳುವ ಅಪಾಯ ಹೆಚ್ಚಾಗಿ ಹುಟ್ಟುವುದು ಈ ಅರ್ಧ ರಿಪೇರಿಯಿಂದಲೇ.

ಜೋಡಣೆಯ ನಂತರ ಗೇರ್ ಇಲ್ಲದ ಸೈಕಲ್ಲಿನ ಚೈನ್ ನಡುವಿನಲ್ಲಿ ಸುಮಾರು ಅರ್ಧ ಅಂಗುಲ ಮೇಲೆ ಕೆಳಗೆ ಆಡುವಂತಿರಬೇಕು. ಚೈನ್ ಲಾಕಿನ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು.

ಅಂಗಡಿಗೆ ಹೋಗುವ ಮುನ್ನ

ನಮ್ಮ ಓದುಗರಲ್ಲಿ ಹಲವರು ಬಿಡಿಭಾಗ ಕೊಳ್ಳುವುದು ಮಲಯಾಳಂ, ತಮಿಳು, ಮರಾಠಿ, ತೆಲುಗು ಅಥವಾ ಕೊಂಕಣಿ ಮಾತಾಡುವ ಅಂಗಡಿಗಳಲ್ಲಿ. ಭಾಷೆ ಬೇರೆಯಾದರೂ ಅಂಕಿಗಳು ಒಂದೇ. ಕೆಳಗಿನವನ್ನು ಚೀಟಿಯಲ್ಲಿ ಬರೆದುಕೊಂಡು, ಸಾಧ್ಯವಾದರೆ ಹಳೆಯ ಭಾಗವನ್ನೂ ಕೈಯಲ್ಲಿ ಹಿಡಿದು ಹೋಗಬೇಕು:

1. ಚೈನ್‌ವೀಲಿನ ಮತ್ತು ಫ್ರೀವೀಲಿನ ಹಲ್ಲುಗಳ ಸಂಖ್ಯೆ.
2. ಚೈನಿನ ಅಗಲ: 1/8 ಅಥವಾ 3/32, ಗೇರ್ ಇದ್ದರೆ ಹಿಂದಿನ ಹಲ್ಲುಚಕ್ರಗಳ ಸಂಖ್ಯೆ.
3. 24 ಕೊಂಡಿಗಳ ಉದ್ದ.
4. ಹಿಂದೆ ಇರುವುದು ಫ್ರೀವೀಲೋ ಕ್ಯಾಸೆಟ್ಟೋ. ಕವಲುಗಳ ನಡುವಿನ ಅಂತರ.
5. ಕಾಟರ್ ಪಿನ್ನಿನ ಮತ್ತು ಪೆಡಲಿನ ಅಳತೆ.

ಸಿದ್ಧವಾದ ಸೈಕಲ್ಲನ್ನು ಮಗುವಿಗೆ ಒಪ್ಪಿಸುವ ಮುನ್ನ ದೊಡ್ಡವರೊಬ್ಬರು ಏರುದಾರಿಯಲ್ಲಿ ಕುಳಿತೇ ಬಲವಾಗಿ ತುಳಿದು ನೋಡುವುದು ಉಚಿತ. ಚೈನ್ ಒಮ್ಮೆಯಾದರೂ ನೆಗೆದರೆ ಆ ಸೈಕಲ್ ಇನ್ನೂ ಶಾಲೆಗೆ ಸಿದ್ಧವಾಗಿಲ್ಲವೆಂದೇ ತಿಳಿಯತಕ್ಕದ್ದು.