ಕಾಂಕ್ರೀಟಿಗೆ ಅಂಟಿದ ಬೋಲ್ಟು

ಬೀದಿದೀಪದ ಕಂಬಕ್ಕೆ ಗಾಳಿಯೇ ದೊಡ್ಡ ಹೊರೆ. ಕಂಬದ ತೂಕವನ್ನು ಪಾಯ ಸುಲಭವಾಗಿ ಹೊರುತ್ತದೆ. ಗಾಳಿ ಬೀಸಿ ಕಂಬ ವಾಲಹೊರಟಾಗ ಮಾತ್ರ ಗಾಳಿ ಬರುವ ಕಡೆಯ ಬೋಲ್ಟುಗಳು ಜಗ್ಗಾಟಕ್ಕೆ ಸಿಗುತ್ತವೆ. ಹಾಗಾಗಿ ಬೋಲ್ಟುಗಳನ್ನು ಮೊದಲೇ ನಿಲ್ಲಿಸಿ ಸುತ್ತ ಕಾಂಕ್ರೀಟ್ ಸುರಿಯುವುದು ವಾಡಿಕೆ. ಲಾರಿ ಗುದ್ದಿ ಬೋಲ್ಟು ಮುರಿದರೆ, ತುಕ್ಕು ತಿಂದರೆ, ಹೊಸ ಕಂಬದ ತೂತುಗಳು ಹಳೆಯ ಬೋಲ್ಟಿಗೆ ಹೊಂದದಿದ್ದರೆ ಪಾಯವನ್ನೇ ಅಗೆದು ತೆಗೆಯಬೇಕಿತ್ತು. ಗಟ್ಟಿಯಾದ ಕಾಂಕ್ರೀಟಿನಲ್ಲೇ ತೂತು ಕೊರೆದು ಬೋಲ್ಟು ಅಂಟಿಸುವ ವಿಧಾನ ಈ ಖರ್ಚನ್ನು ಉಳಿಸಿತು.

ಕಲ್ಲಿನಲ್ಲಿ ಕಬ್ಬಿಣ ನಿಲ್ಲಿಸುವ ತಾಪತ್ರಯ ಹಳೆಯದು. ಅಥೆನ್ಸಿನ ಪಾರ್ಥೆನಾನ್ ಕಟ್ಟಿದವರು ಕಲ್ಲುಗಳನ್ನು ಜೋಡಿಸುವ ಕಬ್ಬಿಣದ ಕೊಂಡಿಗಳ ಸುತ್ತ ಕರಗಿಸಿದ ಸೀಸ ಹೊಯ್ದರು. ಸೀಸ ಕಬ್ಬಿಣಕ್ಕೆ ನೀರು ತಾಗದಂತೆ ಕಾಯಿತು. ಮುಂದೆ ಸೀಸದ ಬದಲು ಗಂಧಕ ಹೊಯ್ದವರು ಪೆಟ್ಟು ತಿಂದರು: ತೇವ ತಾಗಿದ ಗಂಧಕ ಕಬ್ಬಿಣವನ್ನು ತಿಂದು, ತುಕ್ಕು ಉಬ್ಬಿ, ಕಲ್ಲೇ ಸೀಳುತ್ತಿತ್ತು. 1911ರಲ್ಲಿ ಲಂಡನ್ನಿನ ಜಾನ್ ಜೋಸೆಫ್ ರಾಲಿಂಗ್ಸ್ ಸೆಣಬಿನ ನಾರಿನ ಪ್ಲಗ್ ತಂದರು. ಗೋಡೆಗೆ ಸ್ವಿಚ್ ಬೋರ್ಡ್ ಹಾಕಲು ಅದು ಸಾಕು, ಕಂಬಕ್ಕಲ್ಲ.

ಕಂಬಕ್ಕೆ ಸಾಲುವ ಅಂಟು ರಸಾಯನ ಕಾರ್ಖಾನೆಯಿಂದ ಬಂತು. ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾಂ 1930ರ ದಶಕದಲ್ಲಿ ಎಪಾಕ್ಸಿ ರಾಳದ ಮೇಲೆ ಕೆಲಸ ಮಾಡಿದರು; 1940ರ ದಶಕದಲ್ಲಿ ಅದು ಅರಾಲ್ಡೈಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಕಾಂಕ್ರೀಟಿಗೆ ಬಳಸುವ ರಾಳ ಮೊದಲು ಗಾಜಿನ ಕೊಳವೆಗಳಲ್ಲಿ ಸಿಗುತ್ತಿತ್ತು. ತೂತಿನೊಳಗೆ ಇಳಿಬಿಟ್ಟು, ತಿರುಗುವ ಬೋಲ್ಟಿನಿಂದಲೇ ಅದನ್ನು ಒಡೆದು ಒಳಗಿನ ರಾಳವನ್ನು ಕಲಸುತ್ತಿದ್ದರು. ಆಮೇಲೆ ಎರಡು ದ್ರವಗಳು ಮೂತಿಯಲ್ಲೇ ಬೆರೆಯುವ ಗನ್ ಬಂತು. ಕೆಲಸ ಸುಲಭವಾದಷ್ಟೂ ಅಸಡ್ಡೆಗೆ ಎಡೆಯಾಯಿತು. ಕೊರೆದ ತೂತಿನ ಗೋಡೆಗೆ ಸಿಮೆಂಟಿನ ಧೂಳು ಮೆತ್ತಿರುತ್ತದೆ. ಊದಿ, ತಂತಿ ಬ್ರಷ್ಷಿನಿಂದ ಉಜ್ಜಿ, ಮತ್ತೆ ಊದದಿದ್ದರೆ ರಾಳ ಹಿಡಿಯುವುದು ಕಾಂಕ್ರೀಟನ್ನಲ್ಲ, ಧೂಳನ್ನು. ರಾಳವನ್ನು ತಳದಿಂದ ಮೇಲಕ್ಕೆ ತುಂಬಬೇಕು, ಇಲ್ಲವಾದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಒಳ್ಳೆಯ ಬೋಲ್ಟೂ ಕೆಟ್ಟ ಬೋಲ್ಟೂ ಒಂದೇ ಥರ.

2006ರ ಜುಲೈ 10ರಂದು ಬಾಸ್ಟನ್ನಿನ ಹೆದ್ದಾರಿ ಸುರಂಗವೊಂದರ ಚಾವಣಿಯ ಕಾಂಕ್ರೀಟ್ ಹಲಗೆಗಳು ಕಾರಿನ ಮೇಲೆ ಬಿದ್ದು ಮಹಿಳೆಯೊಬ್ಬರು ಸತ್ತರು. ಹಲಗೆಗಳನ್ನು ಎಪಾಕ್ಸಿ ಬೋಲ್ಟುಗಳಿಂದ ತೂಗಿಬಿಡಲಾಗಿತ್ತು. ಬೇಗ ಗಟ್ಟಿಯಾಗುವ ಆ ರಾಳ ಬಿಡುವಿಲ್ಲದ ಜಗ್ಗಾಟಕ್ಕೆ ನಿಧಾನವಾಗಿ ಜಾರುತ್ತದೆ ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2007ರಲ್ಲಿ ವರದಿ ಕೊಟ್ಟಿತು. ಕೆಲವು ಬೋಲ್ಟುಗಳು ಜಾರಿದ್ದು 1999ರಲ್ಲೇ ಕಣ್ಣಿಗೆ ಬಿದ್ದಿತ್ತು. ಮೂಲ ಕಾರಣ ಖಚಿತವಾಗದೆಯೇ ಮುಂದುವರಿದದ್ದಕ್ಕೆ ರಾಳವನ್ನು ದೂರಿ ಫಲವಿಲ್ಲ. 2011ರಲ್ಲಿ ಅಮೆರಿಕದ ಕಾಂಕ್ರೀಟ್ ಸಂಹಿತೆ ಎಸಿಐ 318 ಅಂಟು ಬೋಲ್ಟುಗಳಿಗೆ ಲೆಕ್ಕದ ನಿಯಮಗಳನ್ನು ಸೇರಿಸಿತು. ಅಡ್ಡಕ್ಕೆ ಅಥವಾ ತಲೆಯ ಮೇಲೆ ಹಾಕಿ, ಸದಾ ಜಗ್ಗಾಟದಲ್ಲಿರುವ ಬೋಲ್ಟುಗಳಿಗೆ ಪ್ರಮಾಣಪತ್ರ ಪಡೆದ ಕೆಲಸಗಾರರೇ ಬೇಕೆಂದಿತು.

ದೀಪದ ಕಂಬ ಆ ಚಾವಣಿಗಿಂತ ವಾಸಿ. ತೂತು ನೆಲದ ಕಡೆಗಿರುವುದರಿಂದ ರಾಳ ಸೋರುವುದಿಲ್ಲ, ಗಾಳಿಯ ಎಳೆತವೂ ಬಂದು ಹೋಗುವಂಥದ್ದು. ಅದರ ಕಷ್ಟ ಅಂಚಿನಲ್ಲಿದೆ. ಪಾಯ ಕಿರಿದಾಗಿದ್ದು, ಹಳೆಯ ಬೋಲ್ಟಿನ ಮೋಟುಗಳು ಒಳ್ಳೆಯ ಜಾಗ ಹಿಡಿದಿರುತ್ತವೆ. ಕಂಬದ ತಳದ ಪ್ಲೇಟನ್ನು 45 ಡಿಗ್ರಿ ತಿರುಗಿಸಿ ಮೋಟುಗಳ ನಡುವೆ ಹೊಸ ತೂತು ಕೊರೆಯಬಹುದು. ಒಳಗಿನ ಸರಳು ಡ್ರಿಲ್ಲಿಗೆ ಸಿಕ್ಕರೆ ಅದೂ ಆಗದು. ತೂತು ಅಂಚಿಗೆ ತೀರ ಹತ್ತಿರವಾದರೆ ರಾಳ ಎಷ್ಟು ಗಟ್ಟಿಯಿದ್ದರೂ ಕಾಂಕ್ರೀಟೇ ಹೋಳಾಗಿ ಬೋಲ್ಟಿನ ಜೊತೆ ಕಿತ್ತುಬರುತ್ತದೆ. ಅಂಥ ಕಡೆ ಪಾಯವನ್ನು ಸುತ್ತಲೂ ಸರಳು ಕಟ್ಟಿ ದಪ್ಪ ಮಾಡಬೇಕು, ಇಲ್ಲವೇ ಹೊಸದಾಗಿಯೇ ಹಾಕಬೇಕು.