ಕೊಯ್ದವರೇ ಕೊಂಡೊಯ್ಯುವ ತೋಟ: ನಡೆದು ಬಂದ ದಾರಿ

ಬೆಳ್ಳಿ ಹಬ್ಬದ ಸಂಚಿಕೆ ಎಂದ ಮೇಲೆ ಎಷ್ಟು ಸಾಲ ಕೊಟ್ಟೆವು, ಎಷ್ಟು ವಸೂಲಾಯಿತು ಎಂಬ ಲೆಕ್ಕ ಇರಲೇಬೇಕು. ಅದು ಕಾರ್ಯದರ್ಶಿಗಳ ವರದಿಯಲ್ಲಿದೆ. ನಾವು ಇಲ್ಲಿ ಹೇಳಹೊರಟಿರುವುದು ಬೇರೊಂದು ಸಂಗತಿ. ನಮ್ಮ ಸದಸ್ಯರ ನಡುವೆ ಈಚೆಗೆ ಒಂದು ಮಾತು ಓಡಾಡುತ್ತಿದೆ. "ಬೆಂಗಳೂರಿನವರು ಸಂಸಾರ ಸಮೇತ ಬರ್ತಾರಂತೆ, ತಾವೇ ಮರದಿಂದ ಮಾವಿನಕಾಯಿ ಕಿತ್ಕೊಂಡು, ತೂಗಿಸಿ, ದುಡ್ಡು ಕೊಟ್ಟು ಹೋಗ್ತಾರಂತೆ. ಬಿಡೋದೋ ಬೇಡವೋ?" ಎಂಬುದೇ ಆ ಮಾತು. ಉತ್ತರ ಹೇಳುವ ಮುಂಚೆ ಈ ಪದ್ಧತಿ ಎಲ್ಲಿ ಹುಟ್ಟಿತು, ಎಲ್ಲಿ ಗೆದ್ದಿತು, ಎಲ್ಲಿ ಸೊರಗಿತು ಎಂದು ತಿಳಿಯುವುದು ಒಳ್ಳೆಯದು.

ನಮಗೇನೂ ಹೊಸದಲ್ಲ

ಊರಿನ ಜನ ಹೊಲಕ್ಕೆ ಹೋಗಿ ಉಣ್ಣುವುದು ನಮ್ಮ ನಾಡಿಗೆ ಹೊಸದೇನಲ್ಲ. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯ ದಿನ ಬಂಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಂಧುಬಳಗದ ಜೊತೆ ಬುತ್ತಿ ಉಣ್ಣುತ್ತಾರೆ. ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನಲು ನೆಂಟರನ್ನು ಕರೆಯುವುದೂ ಅಲ್ಲಿನ ವಾಡಿಕೆ. ನಮ್ಮ ಕಡೆ ಕೊಯ್ಲಾದ ಹೊಲದಲ್ಲಿ ಬಡವರು ಹಕ್ಕಲು ಆಯ್ದುಕೊಳ್ಳುತ್ತಿದ್ದರು, ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಇವುಗಳಲ್ಲಿ ತಕ್ಕಡಿ ಇರಲಿಲ್ಲ. ತಕ್ಕಡಿ ಸೇರಿದ್ದು ಬೇರೆ ದೇಶದಲ್ಲಿ, ಅದೂ ಕಷ್ಟಕಾಲದಲ್ಲಿ.

ಕಷ್ಟದಲ್ಲಿ ಹುಟ್ಟಿದ ಉಪಾಯ

ಅಮೆರಿಕದಲ್ಲಿ 1929ರ ನಂತರ ಮಹಾ ಆರ್ಥಿಕ ಕುಸಿತ ಬಂತು. ಹಣ್ಣಿನ ಬೆಲೆ ಎಷ್ಟು ಇಳಿಯಿತೆಂದರೆ ಕೊಯ್ಲಿನ ಕೂಲಿ, ಬುಟ್ಟಿಯ ಖರ್ಚು ಕೂಡ ಹುಟ್ಟದ ಸ್ಥಿತಿ. ಎರಡನೇ ಮಹಾಯುದ್ಧದ ಹೊತ್ತಿಗೆ ಕೂಲಿಯಾಳುಗಳೇ ಸಿಗದಾದರು. ಆಗ ರೈತರು, "ನೀವೇ ಬನ್ನಿ, ನೀವೇ ಕೊಯ್ದುಕೊಳ್ಳಿ, ಕಡಿಮೆ ಬೆಲೆಗೆ ಕೊಡುತ್ತೇವೆ" ಎಂದು ಗಿರಾಕಿಗಳನ್ನು ತೋಟಕ್ಕೇ ಕರೆದರು. ಮನೆಮನೆಗೂ ಮೋಟಾರು ಕಾರು ಬರತೊಡಗಿದ್ದರಿಂದ ಇದು ಸಾಧ್ಯವಾಯಿತು. ಬಂದವರು ಮೋಜಿಗೆ ಬಂದವರಲ್ಲ. ಬುಟ್ಟಿಗಟ್ಟಲೆ ಕೊಯ್ದು ಮನೆಯಲ್ಲಿ ಜಾಮು ಮಾಡಿ, ಡಬ್ಬಿ ತುಂಬಿ ವರ್ಷಕ್ಕಾಗುವಷ್ಟು ಇಟ್ಟುಕೊಳ್ಳುವ ಗೃಹಿಣಿಯರು. 1970ರ ದಶಕದಲ್ಲಿ ಬೆಲೆ ಏರಿದಾಗ ಜನ ಮತ್ತೆ ತೋಟಗಳತ್ತ ತಿರುಗಿದರು. ರೈತ ನೇರವಾಗಿ ಬಳಕೆದಾರನಿಗೆ ಮಾರುವುದಕ್ಕೆ ಪ್ರೋತ್ಸಾಹ ಕೊಡಲು ಅಲ್ಲಿನ ಸರಕಾರ 1976ರಲ್ಲಿ ಒಂದು ಕಾನೂನನ್ನೇ ಮಾಡಿತು.

ಇಂಗ್ಲೆಂಡಿನಲ್ಲಿ ಇದು 1960ರ ದಶಕದಲ್ಲಿ ಸ್ಟ್ರಾಬೆರಿ ಹೊಲಗಳಿಂದ ಹಬ್ಬಿತು. ಡರ್ಬಿಶೈರಿನ ರೈತ, ರೇಡಿಯೋ ಟಿ.ವಿ.ಗಳಲ್ಲಿ ಹೆಸರಾಗಿದ್ದ ಟೆಡ್ ಮೌಲ್ಟ್ ಇದನ್ನು ಮೊದಮೊದಲು ಮಾಡಿದವರಲ್ಲಿ ಒಬ್ಬರು. ಬಂದವರು ಬುಟ್ಟಿಗೆ ಹಾಕುವುದಕ್ಕಿಂತ ಬಾಯಿಗೆ ಹಾಕುವುದೇ ಹೆಚ್ಚು, ಒಳಗೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಅವರನ್ನೇ ತೂಗಬೇಕು ಅಂತ ಅಲ್ಲಿ ಒಂದು ನಗೆಮಾತು ಇದೆ! ಜಪಾನಿನವರು ಈ ನಗೆಮಾತನ್ನೇ ವ್ಯಾಪಾರ ಮಾಡಿಕೊಂಡರು. ಅಲ್ಲಿನ ಅನೇಕ ಸ್ಟ್ರಾಬೆರಿ ತೋಟಗಳಲ್ಲಿ ತಲೆಗಿಷ್ಟು ಎಂದು ಪ್ರವೇಶ ಶುಲ್ಕ ಕೊಟ್ಟರೆ ಗೊತ್ತಾದ ಅವಧಿಯೊಳಗೆ, ಹೆಚ್ಚಾಗಿ ಅರ್ಧ ಗಂಟೆ, ಹೊಟ್ಟೆ ತುಂಬ ಕಿತ್ತು ತಿನ್ನಬಹುದು.

ಇಂಗ್ಲೆಂಡಿನಲ್ಲಿ ಮುಂದೆ ಇಂಥ ತೋಟಗಳು ಕಡಿಮೆಯಾದವು. ದೊಡ್ಡ ಅಂಗಡಿಗಳಲ್ಲಿ ವರ್ಷವಿಡೀ ಹಣ್ಣು ಸಿಗತೊಡಗಿತು. ಮನೆಯಲ್ಲಿ ಜಾಮು ಮಾಡುವವರು ಕಡಿಮೆಯಾದರು. ಉಳಿದುಕೊಂಡ ತೋಟಗಳು ಅಗ್ಗದ ಹಣ್ಣಿನಿಂದ ಮಾತ್ರ ಉಳಿಯಲಿಲ್ಲ, ಮಕ್ಕಳಿಗೆ ಒಂದು ದಿನದ ಸಂತೋಷ ಕೊಟ್ಟು ಉಳಿದವು. ಈ ಪಾಠ ನಮಗೂ ಬೇಕಾದದ್ದೇ.

ನಮ್ಮ ದೇಶಕ್ಕೆ ಬಂದ ಬಗೆ

ಮಹಾರಾಷ್ಟ್ರದ ಬಾರಾಮತಿ ಕಡೆ 2005ರ ಸುಮಾರಿಗೆ ಕೃಷಿ ಪ್ರವಾಸೋದ್ಯಮ ವ್ಯವಸ್ಥಿತವಾಗಿ ಆರಂಭವಾಯಿತು. 2020ರಲ್ಲಿ ಆ ರಾಜ್ಯ ಅದಕ್ಕೆಂದೇ ನೀತಿಯನ್ನೂ ತಂದಿತು. ನಮ್ಮ ರಾಜ್ಯದಲ್ಲಿ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮ 2010ರ ದಶಕದಲ್ಲಿ ಬೆಂಗಳೂರಿನ ಜನರನ್ನು ಬಸ್ಸಿನಲ್ಲಿ ತೋಟಗಳಿಗೆ ಕರೆದೊಯ್ಯುವ ಮಾವು ಪ್ರವಾಸ ನಡೆಸಿತು. 2020ರ ಲಾಕ್‌ಡೌನಿನಲ್ಲಿ ಅಂಚೆಯ ಮೂಲಕ ರೈತರ ಮಾವಿನ ಪೆಟ್ಟಿಗೆಗಳು ನಗರದ ಮನೆಗಳಿಗೆ ತಲುಪಿದ್ದು ಎಲ್ಲರಿಗೂ ಗೊತ್ತು. ಕೊಳ್ಳುವವನಿಗೆ ಬೆಳೆದವನ ಹೆಸರು ತಿಳಿದದ್ದು ಆಗಲೇ.

ಪ್ರಶ್ನೆ ಇರುವುದು ಎಲ್ಲಿ?

ಮಾವಿನ ಸೀಮೆಯ ಕಥೆ ನಮಗೆ ಯಾರೂ ಹೇಳಬೇಕಾಗಿಲ್ಲ. ಮರ ಹೂ ಬಿಟ್ಟಾಗಲೇ ಫಸಲನ್ನು ಗುತ್ತಿಗೆಗೆ ಕೊಡುತ್ತೇವೆ. ಮಗಳ ಮದುವೆಯೋ, ಮಗನ ಫೀಜೋ, ಕೈಗೆ ಒಂದಿಷ್ಟು ದುಡ್ಡು ಆಗಲೇ ಬೇಕು. ಆಮೇಲೆ ಬೆಲೆ ಏರಿದರೆ ಲಾಭ ಗುತ್ತಿಗೆದಾರನದು. ಗಾಳಿಮಳೆಗೆ ಕಾಯಿ ಉದುರಿದರೆ ನಷ್ಟ ಅವನದೇ ಎಂಬುದೂ ನಿಜ. ಅವನನ್ನು ಬೈದು ಫಲವಿಲ್ಲ. ಗುತ್ತಿಗೆ ಬೇಡ ಎಂದು ನಾವೇ ಮಂಡಿಗೆ ಒಯ್ದರೆ ಕೀಳುವ ಕೂಲಿ, ಕ್ರೇಟು, ಲಾರಿ ಬಾಡಿಗೆ, ಹಮಾಲಿ ಎಲ್ಲ ಕಳೆದು ಉಳಿಯುವುದು ಎಷ್ಟು?

ಸಂಸಾರ ಸಮೇತ ಬಂದು ಕೀಳುವವರು ಈ ಖರ್ಚಿನಲ್ಲಿ ಬಹುಪಾಲನ್ನು ತಾವೇ ಹೊರುತ್ತಾರೆ. ಆದರೆ ಹೊಸ ಖರ್ಚುಗಳೂ ಹುಟ್ಟುತ್ತವೆ. ಗಾಡಿ ನಿಲ್ಲಿಸಲು ಜಾಗ ಬೇಕು, ಕುಡಿಯುವ ನೀರು ಬೇಕು, ಹೆಂಗಸರಿಗೆ ಶೌಚಾಲಯ ಬೇಕೇ ಬೇಕು, ಜೊತೆಗೆ ಓಡಾಡುವ ಒಬ್ಬ ಆಳು ಬೇಕು. ಭಾನುವಾರ ಮಳೆ ಬಂದರೆ ಒಬ್ಬರೂ ಬರುವುದಿಲ್ಲ, ಮರದ ಮೇಲಿನ ಕಾಯಿ ಮಾತ್ರ ಕಾಯುವುದಿಲ್ಲ. ಆದ್ದರಿಂದ ಇಡೀ ತೋಟವನ್ನು ಇದಕ್ಕೆ ಬಿಡುವುದು ಜಾಣತನವಲ್ಲ. ರಸ್ತೆ ಪಕ್ಕದ ತಗ್ಗು ಮರಗಳ ಒಂದೆರಡು ಸಾಲು ಸಾಕು.

ಇನ್ನೊಂದು ಮಾತು. ಕಾಯಿ ಕೀಳುವ ಕೂಲಿಯನ್ನೇ ನಂಬಿದ ಮನೆಗಳು ನಮ್ಮೂರಲ್ಲಿವೆ. ಪೇಟೆಯವರು ಬಂದು ಕಿತ್ತರೆ ಅವರ ಗತಿ ಏನು? ಬಂದವರಿಗೆ ಸಿಗುವುದು ಕೈಗೆಟಕುವ ಕೊಂಬೆ ಮಾತ್ರ; ತುದಿಯ ಕಾಯಿಗೆ ಪಳಗಿದ ಕೈಯೇ ಬೇಕು. ಬಂದವರಿಗೆ ತೋರಿಸಿಕೊಡುವ ಕೆಲಸಕ್ಕೂ ಅವರನ್ನೇ ಇಟ್ಟುಕೊಂಡು ದಿನಗೂಲಿ ಕೊಟ್ಟರೆ ಅವರ ಅನ್ನಕ್ಕೂ ಕುತ್ತಿಲ್ಲ, ಮರಕ್ಕೂ ಕುತ್ತಿಲ್ಲ.

ಬರುವ ಬಂಧುಗಳಿಗೆ ನಾಲ್ಕು ಮಾತು

ಈ ಸಂಚಿಕೆ ನಮ್ಮವರ ಪೇಟೆಯ ನೆಂಟರ ಕೈಗೂ ಸೇರುವುದರಿಂದ ಇದನ್ನೂ ಬರೆಯುತ್ತೇವೆ. ಹೊರಡುವ ಮುಂಚೆ ತೋಟದವರಿಗೆ ಫೋನು ಮಾಡಿ ಯಾವ ಜಾತಿ ಬಲಿತಿದೆ ಎಂದು ಕೇಳಿ. ಬಾದಾಮಿ, ರಸಪುರಿ ಮೊದಲು ಬರುತ್ತವೆ. ಮಲ್ಲಿಕಾ, ನೀಲಂ ತಡವಾಗಿ. ಬಾದಾಮಿ ಒಂದು ವರ್ಷ ಚೆನ್ನಾಗಿ ಬಿಟ್ಟರೆ ಮರುವರ್ಷ ಕೈಕೊಡುವುದುಂಟು. ಬಿಸಿಲೇರುವ ಮುಂಚೆ ಬನ್ನಿ. ಹಳೇ ಬಟ್ಟೆ, ಗಟ್ಟಿ ಚಪ್ಪಲಿ ಇರಲಿ. ಒಣ ಎಲೆಯ ಕೆಳಗೆ ಹಾವು ಚೇಳು ಇರಬಹುದು, ಮಕ್ಕಳ ಕೈ ಬಿಡಬೇಡಿ. ಮರ ಹತ್ತಬೇಡಿ, ಕೊಂಬೆ ಜಗ್ಗಬೇಡಿ. ಬಲೆ ಕಟ್ಟಿದ ಗಳ ಕೊಡುತ್ತಾರೆ. ತೊಟ್ಟು ಸ್ವಲ್ಪ ಉಳಿಸಿ ಕೀಳಿ, ಸೊನೆ ತಾಗಿದರೆ ಚರ್ಮವೂ ಸುಡುತ್ತದೆ, ಕಾಯಿಗೂ ಕಲೆ ಬೀಳುತ್ತದೆ.

ಮುಖ್ಯವಾದ ಮಾತು: ಸ್ಟ್ರಾಬೆರಿ ಕಿತ್ತ ಕೂಡಲೇ ತಿನ್ನಬಹುದು, ಮಾವು ಹಾಗಲ್ಲ. ನೀವು ಮನೆಗೆ ಒಯ್ಯುವುದು ಕಾಯಿ. ಹುಲ್ಲಿನಲ್ಲಿ ಅಡೆ ಹಾಕಿ ಒಂದು ವಾರ ಕಾಯಿರಿ. ಕಾರ್ಬೈಡಿನಿಂದ ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದೆ; ನಿಮ್ಮ ಕೈಯಾರೆ ಹಣ್ಣಾದ ಮಾವಿಗೆ ಆ ಭಯವೇ ಇಲ್ಲ. ಬೆಳೆಗಾರರಿಗೂ ಒಂದು ಕಟ್ಟಳೆ: ಔಷಧಿ ಹೊಡೆದ ಮರಕ್ಕೆ, ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆಯುವವರೆಗೆ ಯಾರನ್ನೂ ಬಿಡಕೂಡದು.

ಒಬ್ಬರಿಂದಾಗದ್ದು

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ನಾಡಿನ ಮೊದಲ ಸಹಕಾರ ಪತ್ತಿನ ಸಂಘ ಹುಟ್ಟಿದ್ದು, ಒಬ್ಬೊಬ್ಬರಾಗಿ ಸಾಹುಕಾರನ ಮುಂದೆ ನಿಲ್ಲುವುದು ತಪ್ಪಲಿ ಎಂದು. 1959ರಲ್ಲಿ ಡಾ. ಎಂ. ಎಚ್. ಮರಿಗೌಡರ ಮುತುವರ್ಜಿಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಸಂಘ ಕಟ್ಟಿಕೊಂಡರು. ಅದೇ ಮುಂದೆ ಹಾಪ್‌ಕಾಮ್ಸ್ ಆಯಿತು. ಇಂದಿನ ಪ್ರಶ್ನೆಗೂ ದಾರಿ ಅದೇ. ಶೌಚಾಲಯ, ತಕ್ಕಡಿ, ಗಾಡಿ ನಿಲ್ಲುವ ಜಾಗ, ಇವನ್ನು ಒಬ್ಬ ರೈತ ಕಟ್ಟಲಾರ. ಹತ್ತು ತೋಟದವರು ಸೇರಿದರೆ ಸಂಘದ ಅಂಗಳದಲ್ಲೇ ಆದೀತು. ಹೂವಿನ ಕಾಲದಲ್ಲಿ ಅಷ್ಟಿಷ್ಟು ಕೈಸಾಲ ಸಂಘದಿಂದಲೇ ಸಿಕ್ಕರೆ ಆ ಎರಡು ಸಾಲು ಮರಗಳನ್ನಾದರೂ ಗುತ್ತಿಗೆಯಿಂದ ಉಳಿಸಿಕೊಳ್ಳಬಹುದು.

ಈ ವಿಷಯವನ್ನು ಮುಂದಿನ ಸರ್ವಸದಸ್ಯರ ಸಭೆಗೆ ತರಬೇಕೆಂದು ನಾವು ವಿನಂತಿಸುತ್ತೇವೆ. ಬೇಡ ಎನ್ನುವವರೂ ಬಂದು ತಮ್ಮ ಮಾತು ಹೇಳಲಿ. ಹನಿ ಹನಿ ಗೂಡಿದರೆ ಹಳ್ಳ ಎನ್ನುವುದನ್ನು ಇಪ್ಪತ್ತೈದು ವರ್ಷ ನಡೆಸಿ ತೋರಿಸಿದ ಸಂಘಕ್ಕೆ ಇದೇನೂ ದೊಡ್ಡ ಹೊರೆಯಲ್ಲ.