ವಿಲೋಮವಿಲ್ಲದ ಮಾತೃಕೆಗಳ ಸುತ್ತ ಮೂರು ದಶಕ

ದೊಡ್ಡಬಳ್ಳಾಪುರದ ಒಂದು ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಎರಡು ಬಗೆಯ ನೂಲು ಬಳಕೆಯಲ್ಲಿದೆ ಎಂದುಕೊಳ್ಳೋಣ. ಪ್ರತಿ ಸೀರೆಗೆ ಎಳೆ ಎಷ್ಟು ಸಲ ಕಡಿಯಿತು ಎಂದು ಯಜಮಾನರು ಬರೆದಿಟ್ಟಿದ್ದಾರೆ. ಆ ಸಂಖ್ಯೆಯಲ್ಲಿ ಶೆಡ್ಡಿನ ಪಾಲು ಎಷ್ಟು, ಮೊದಲ ನೂಲಿನ ಪಾಲು ಎಷ್ಟು, ಎರಡನೆಯದರ ಪಾಲು ಎಷ್ಟು? ಶೆಡ್ಡಿನ ಪಾಲಿಗೆ ಹತ್ತು ಕೂಡಿಸಿ, ಎರಡೂ ನೂಲಿನ ಪಾಲಿನಿಂದ ಹತ್ತು ಕಳೆದರೂ ಲೆಕ್ಕ ಸರಿಹೊಂದುತ್ತದೆ. ಅಂದರೆ ಉತ್ತರಗಳು ಅಸಂಖ್ಯ. ಆದರೆ ಯಾವ ಉತ್ತರ ಹಿಡಿದರೂ ಎರಡು ನೂಲುಗಳ ನಡುವಿನ ವ್ಯತ್ಯಾಸ ಮಾತ್ರ ಬದಲಾಗದು. ಸಂಖ್ಯಾಶಾಸ್ತ್ರದ ಒಂದು ಇಡೀ ಶಾಖೆ ಇಂಥ ತೊಡಕಿನಿಂದ ಬೆಳೆದಿದೆ. ಆ ಶಾಖೆಯವರು ಕೂಡುವ ಜಾಗ ‘ಮಾತೃಕೆಗಳು ಮತ್ತು ಸಂಖ್ಯಾಶಾಸ್ತ್ರ’ ಕುರಿತ ಅಂತರರಾಷ್ಟ್ರೀಯ ಕಾರ್ಯಾಗಾರ.

ಬೇರು ಹಳೆಯದು. ಅಳತೆಗೂ ಅಂದಾಜಿಗೂ ನಡುವಿನ ವ್ಯತ್ಯಾಸಗಳ ವರ್ಗಗಳ ಮೊತ್ತವನ್ನು ಆದಷ್ಟು ಕಿರಿದಾಗಿಸುವ ಕನಿಷ್ಠ ವರ್ಗಗಳ ವಿಧಾನವನ್ನು ಲೆಜಾಂಡ್ರ್ 1805ರಲ್ಲಿ ಪ್ರಕಟಿಸಿದರು. ಗೌಸ್ ಅದಕ್ಕೆ ತಾತ್ವಿಕ ಬುನಾದಿ ಹಾಕಿದರು. 1930ರ ದಶಕದಲ್ಲಿ ಎಡಿನ್‌ಬರೋದ ಐಟ್‌ಕೆನ್ ಅದನ್ನು ಅಡ್ಡಸಾಲು-ಕಂಬಸಾಲುಗಳ ಮಾತೃಕೆಯ ಭಾಷೆಯಲ್ಲಿ ಬರೆದರು. ಅದೇ ಹೊತ್ತಿಗೆ, 1936ರಲ್ಲಿ, ಕೋಲ್ಕತ್ತದಲ್ಲಿ ಮಹಾಲನೋಬಿಸ್ ತಮ್ಮ ಹೆಸರಿನಿಂದಲೇ ಪ್ರಸಿದ್ಧವಾದ ‘ದೂರ’ದ ಅಳತೆಯನ್ನು ಕೊಟ್ಟರು. ಎರಡೂ ಕಡೆ ಮಾತೃಕೆಯ ವಿಲೋಮ, ಅಂದರೆ ಅದರ ಗುಣಾಕಾರವನ್ನು ಹಿಂದಕ್ಕೆ ತಿರುಗಿಸುವ ಮಾತೃಕೆ, ಬೇಕು. ಆದರೆ ಮಗ್ಗದ ಲೆಕ್ಕದಂಥ ಕಡೆಗಳಲ್ಲಿ ವಿಲೋಮವೇ ಇರುವುದಿಲ್ಲ.

ಈ ಗಂಟು ಬಿಡಿಸಿದವರಲ್ಲಿ ಮುಖ್ಯರಾದ ಸಿ. ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ಊರು ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಈಗ ವಿಜಯನಗರ ಜಿಲ್ಲೆಯಲ್ಲಿದೆ. ಮನೆಮಾತು ತೆಲುಗು. ಓದು ಆಂಧ್ರ ಮತ್ತು ಕಲ್ಕತ್ತ ವಿಶ್ವವಿದ್ಯಾಲಯಗಳಲ್ಲಿ, ಬಳಿಕ ಫಿಷರ್ ಅವರ ಮಾರ್ಗದರ್ಶನದಲ್ಲಿ ಕೇಂಬ್ರಿಜ್‌ನಲ್ಲಿ. ವಿಲೋಮವಿಲ್ಲದ ಕಡೆಯೂ ಅದರ ಕೆಲಸ ಮಾಡುವ ‘ಸಾಮಾನ್ಯೀಕೃತ ವಿಲೋಮ’ದ ಮೊದಲ ರೂಪವನ್ನು ಅಮೆರಿಕದ ಇ. ಎಚ್. ಮೂರ್ ಸೂಚಿಸಿದ್ದೂ 1920ರಲ್ಲೇ. ಅದು ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. 1955ರಲ್ಲಿ ಇಬ್ಬರು ಬೇರೆಬೇರೆಯಾಗಿ ಅದೇ ದಾರಿಗೆ ಬಂದರು: ಮುಂದೆ ಭೌತಶಾಸ್ತ್ರದ ನೊಬೆಲ್ ಪಡೆದ ರೋಜರ್ ಪೆನ್‌ರೋಸ್ ಶುದ್ಧ ಗಣಿತದ ಕಡೆಯಿಂದ, ರಾವ್ ದತ್ತಾಂಶದ ಕಡೆಯಿಂದ. ವಿಲೋಮ ಒಂದೇ ಆಗಿರಬೇಕೆಂಬ ಹಟ ಬೇಕಿಲ್ಲ, ಸಮೀಕರಣಕ್ಕೆ ಪರಿಹಾರ ಒದಗಿಸುವ ಯಾವುದಾದರೂ ಸಾಕು ಎಂದು 1962ರ ಲೇಖನದಲ್ಲಿ ರಾವ್ ತೋರಿಸಿದರು. ಸುಜಿತ್ ಕುಮಾರ್ ಮಿತ್ರ ಅವರೊಡನೆ ಬರೆದ ಗ್ರಂಥ 1971ರಲ್ಲಿ ಬಂತು. ಮಗ್ಗದ ಲೆಕ್ಕಕ್ಕೂ ಇದೇ ಕೀಲಿ: ವಿಲೋಮ ಯಾವುದನ್ನೇ ಆರಿಸಿ, ಅಂದಾಜು ಮಾಡಲು ಬರುವ ವ್ಯತ್ಯಾಸ ಒಂದೇ ಬರುತ್ತದೆ.

ಹೀಗೆ ಬೆಳೆದ ವಿಷಯಕ್ಕೆ ಸ್ವಂತ ವೇದಿಕೆ ದೊರೆತದ್ದು 1990ರ ಆಗಸ್ಟ್‌ನಲ್ಲಿ, ಫಿನ್‌ಲೆಂಡಿನ ತಾಂಪೆರೆ ನಗರದಲ್ಲಿ. ಆಗ ಶೀರ್ಷಿಕೆಯಲ್ಲಿದ್ದದ್ದು ರೇಖೀಯ ಮಾದರಿ, ಪ್ರಯೋಗ ವಿನ್ಯಾಸ ಮತ್ತು ಅವಕ್ಕೆ ಸಂಬಂಧಿಸಿದ ಮಾತೃಕೆ ಸಿದ್ಧಾಂತ. ತಾಂಪೆರೆಯ ಸಿಮೋ ಪುಂತನೆನ್, ಮಾಂಟ್ರಿಯಲ್‌ನ ಜಾರ್ಜ್ ಸ್ಟೈಯನ್, ಬಾನ್‌ನ ವರ್ನರ್, ನ್ಯೂಜಿಲೆಂಡಿನ ಜೆಫ್ರಿ ಹಂಟರ್ ಮೊದಲಾದವರು ಇದನ್ನು ವರ್ಷಗಟ್ಟಲೆ ಮುನ್ನಡೆಸಿದರು. 1992ರಲ್ಲಿ ಆಕ್ಲೆಂಡ್, 1994ರಲ್ಲಿ ಎಸ್ಟೋನಿಯಾದ ತಾರ್ತು, 1995ರಲ್ಲಿ ಮಾಂಟ್ರಿಯಲ್. ಅಲ್ಲಿಂದ ಮುಂದೆ ಬಹುಮಟ್ಟಿಗೆ ವರ್ಷಕ್ಕೊಂದು. ಆಯ್ದ ಲೇಖನಗಳು ರೇಖೀಯ ಬೀಜಗಣಿತದ ನಿಯತಕಾಲಿಕೆಯ ವಿಶೇಷ ಸಂಚಿಕೆಗಳಾಗಿ ಬಂದವು. ಸ್ಟೈಯನ್ ಅವರ ಮಾಯಾಚೌಕ, ಅಂಚೆಚೀಟಿಗಳ ಹುಚ್ಚಿಗೂ ಇಲ್ಲಿ ಜಾಗವಿತ್ತು. ಪುಂತನೆನ್, ಸ್ಟೈಯನ್ ಮತ್ತು ಇಸೊತಾಲೊ ತಮಗೆ ಪ್ರಿಯವಾದ ಇಪ್ಪತ್ತು ಮಾತೃಕೆ ಉಪಾಯಗಳನ್ನು 2011ರಲ್ಲಿ ಪುಸ್ತಕವಾಗಿಸಿದರು.

ಹಿರಿಯರ ಹುಟ್ಟುಹಬ್ಬದ ನೆಪದಲ್ಲಿ ಕೂಡುವುದು ಈ ಬಳಗದ ರೂಢಿ. 1998ರ ಫ್ಲಾರಿಡಾ ಸಭೆ ಟಿ. ಡಬ್ಲ್ಯು. ಆಂಡರ್ಸನ್ ಅವರ ಎಂಬತ್ತಕ್ಕೆ. 2000ದ ಡಿಸೆಂಬರ್‌ನಲ್ಲಿ ಹೈದರಾಬಾದಿನಲ್ಲಿ ನಡೆದ ಒಂಬತ್ತನೆಯದು ರಾವ್ ಅವರ ಎಂಬತ್ತಕ್ಕೆ. ಭಾರತಕ್ಕೆ ಅದು ಮೊದಲ ಭೇಟಿ.

ಕರ್ನಾಟಕದ ಅಧ್ಯಾಯ ಮಣಿಪಾಲದ್ದು. 2012ರ ಜನವರಿಯಲ್ಲಿ ಅಲ್ಲಿ ಸಾಮಾನ್ಯೀಕೃತ ವಿಲೋಮ ಮತ್ತು ಸಂಯೋಜನಾ ಮಾತೃಕೆ ಸಿದ್ಧಾಂತ ಕುರಿತ ಸಮಾವೇಶ ನಡೆಯಿತು. ಅದರಿಂದ ಬಂದ ಗ್ರಂಥದ ಸಂಪಾದಕರಲ್ಲಿ ಆರ್. ಬಿ. ಬಾಪಟ್, ಮಣಿಪಾಲದ ಕೆ. ಮಂಜುನಾಥ ಪ್ರಸಾದ್, ಪುಂತನೆನ್ ಇದ್ದರು. ಆ ಒಡನಾಟ ಬೆಳೆದು 28ನೇ ಕಾರ್ಯಾಗಾರ 2021ರ ಡಿಸೆಂಬರ್‌ನಲ್ಲಿ, ಕೋವಿಡ್ ನೆರಳಿನಲ್ಲೇ, ಮಣಿಪಾಲಕ್ಕೆ ಬಂತು. ರಾವ್ ಆಗ ನೂರು ದಾಟಿದ್ದರು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಪಡೆದು, ಅದೇ ವರ್ಷ ಆಗಸ್ಟ್ 22ರಂದು ತೀರಿಕೊಂಡರು.

ಈ ಮೂರು ದಶಕಗಳಲ್ಲಿ ಲೆಕ್ಕ ಹಾಕುವ ಯಂತ್ರ ಬದಲಾಯಿತು, ದತ್ತಾಂಶದ ಆಕಾರವೂ ಬದಲಾಯಿತು. ನೂರು ರೋಗಿಗಳಿಗೆ ಸಾವಿರಾರು ವಂಶವಾಹಿಗಳ ಅಳತೆ ತೆಗೆದಾಗ ಅಡ್ಡಸಾಲಿಗಿಂತ ಕಂಬಸಾಲೇ ಹೆಚ್ಚು. ಅಲ್ಲಿ ವಿಲೋಮ ಇಲ್ಲದಿರುವುದೇ ವಾಡಿಕೆ. 1955ರಲ್ಲಿ ತೊಡಕಾಗಿದ್ದದ್ದು ಈಗ ದಿನನಿತ್ಯದ ಪರಿಸ್ಥಿತಿ. ನಮ್ಮ ಪದವಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಮಾತೃಕೆ ಗಣಿತ ವಿಭಾಗದ ಪಾಲು, ಕನಿಷ್ಠ ವರ್ಗ ಸಂಖ್ಯಾಶಾಸ್ತ್ರ ವಿಭಾಗದ ಪಾಲು. ತಾಂಪೆರೆಯಿಂದ ಮಣಿಪಾಲದವರೆಗೆ ಈ ಕಾರ್ಯಾಗಾರ ಎರಡನ್ನೂ ಒಂದೇ ಕೋಣೆಯಲ್ಲಿ ಕೂರಿಸಿತು. ಮಗ್ಗದ ಯಜಮಾನರ ಮಗಳು ನಾಳೆ ದತ್ತಾಂಶ ವಿಜ್ಞಾನ ಓದಲು ಹೊರಟರೆ, ಅವಳ ತರಗತಿಯೂ ಅಷ್ಟು ಮಾಡಬೇಕು.